ಹಚ್ಚೆ ಇದ್ದರೂ ಎಂಆರ್‌ಐ ಮಾಡಿಸಬಹುದು

ಜಯನಗರದಲ್ಲಿ ಅಮ್ಮನಿಗೆ ಮೊಣಕಾಲಿನ ಎಂಆರ್‌ಐ ಇದೆ, ಮುಂಗೈಯಲ್ಲಿ ಜಾತ್ರೆಯಲ್ಲಿ ಹಾಕಿಸಿದ ಹಳೇ ಹಚ್ಚೆ ಇದೆ, ಸುಡುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಅದೊಂದೇ ಕಾರಣಕ್ಕೆ ಸ್ಕ್ಯಾನ್ ಮುಂದೂಡಬೇಡಿ.

ಕೆಲವು ಟ್ಯಾಟೂ ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಯಂತ್ರದ ರೇಡಿಯೋ ಅಲೆಗಳಿಂದ ಆ ಜಾಗ ಬಿಸಿಯಾಗಬಹುದು. ಆದರೆ ಇದು ತೀರಾ ಅಪರೂಪ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 330 ಜನರ 932 ಟ್ಯಾಟೂಗಳನ್ನು ಗಮನಿಸಿದ್ದರು. ಟ್ಯಾಟೂವಿನಿಂದ ತೊಂದರೆ ಆಗಿದ್ದು ಒಬ್ಬರಿಗೆ ಮಾತ್ರ. ಅದೂ ಸಣ್ಣದು, 24 ಗಂಟೆಯೊಳಗೆ ಹೋಯಿತು. ಹಳೇ ಕಾಲದ ಹಚ್ಚೆಗೆ ಹೆಚ್ಚಾಗಿ ದೀಪದ ಕಾಡಿಗೆ ಬಳಸುತ್ತಿದ್ದರು, ಅದು ಬರೀ ಮಸಿ ಅಲ್ವಾ.

ನನ್ನ ಭುಜದಲ್ಲಿ ದೊಡ್ಡ ಟ್ಯಾಟೂ ಇದೆ. ಕುತ್ತಿಗೆ ಸ್ಕ್ಯಾನ್‌ಗೆ ಹೋದಾಗ ಟೆಕ್ನಿಷಿಯನ್ ಅದರ ಮೇಲೆ ಒದ್ದೆ ಬಟ್ಟೆ ಇಟ್ಟರು. ಕೈಗೆ ರಬ್ಬರ್ ಬಲ್ಬ್ ಕೊಟ್ಟು, "ಉರಿ ಅನ್ನಿಸಿದ ತಕ್ಷಣ ಒತ್ತಿ" ಅಂದರು. ಒತ್ತುವ ಪ್ರಮೇಯವೇ ಬರಲಿಲ್ಲ.

ಅಮ್ಮನಿಗೂ ಆ ಬಲ್ಬ್ ಬಗ್ಗೆ ಮೊದಲೇ ಹೇಳಿ. ಹಿರಿಯರು ಸುಮ್ನೆ ತಡ್ಕೊಂಡು ಮಲಗಿಬಿಡುತ್ತಾರೆ. ಬಳೆ, ಮೂಗುತಿ, ಕಾಲುಂಗುರ ತೆಗೆಸಿ. ಪೇಸ್‌ಮೇಕರ್ ಅಥವಾ ಮೈಯೊಳಗೆ ಲೋಹ ಏನಾದರೂ ಇದ್ದರೆ ತಪ್ಪದೆ ತಿಳಿಸಿ, ಹಚ್ಚೆಗಿಂತ ಅದು ಎಷ್ಟೋ ಜಾಸ್ತಿ ಮುಖ್ಯ.