ಎಲಚಿಗೂ ಇಲಾಯಚಿಗೂ ನಂಟಿಲ್ಲ

ನನ್ನನ್ನೂ ಬಹಳ ಕಾಲ ಕಾಡಿದ ಪ್ರಶ್ನೆ ಇದು. ಒಂದೇ ಮುಳ್ಳಿನ ಹಣ್ಣಿನ ಗಿಡಕ್ಕೆ ಎಲಚಿ, ಬೋರೆ ಎಂಬ ಎರಡು ಹೆಸರಿವೆ; ಅದರಲ್ಲಿ ಎಲಚಿ ಅನ್ನೋದು ಹಿಂದಿಯ ಇಲಾಯಚಿಯಿಂದ, ಅಂದರೆ ಏಲಕ್ಕಿಯ ಹೆಸರಿನಿಂದ ಬಂದದ್ದು, ಬೋರೆಯೇ ಅಚ್ಚಗನ್ನಡ, ಆದ್ದರಿಂದ ಶಾಲೆ ತೋಟದ ಫಲಕದಲ್ಲಿ ಬೋರೆ ಅಂತಲೇ ಬರೆಸಲೇ ಎಂದು ಕೇಳಿದ್ದೀರಿ. ವಿಷಯ ಪೂರ್ತಿ ತಿರುಗುಮುರುಗಾಗಿದೆ.

ಎಲ್ಲರೂ ಎಡವುವುದು ಉಚ್ಚಾರಣೆಯಲ್ಲಿ. ಪದದ ಮೊದಲಲ್ಲಿ ಎ, ಏ ಬಂದರೆ ನಮ್ಮ ಬಾಯಲ್ಲಿ ಯಕಾರ ಅಂಟಿಕೊಳ್ಳುತ್ತದೆ. ಎಲಚಿ ಯಲಚಿಯಾಗುತ್ತದೆ, ಏಲಕ್ಕಿ ಯಾಲಕ್ಕಿಯಾಗುತ್ತದೆ. ಎರಡೂ ‘ಯ’ದಿಂದಲೇ ಶುರುವಾದ ಮೇಲೆ ಒಂದೇ ಬೇರಿನವು ಅನ್ನಿಸುವುದು ಸಹಜ. ಆ ಯಕಾರ ಕಿತ್ತು ನೋಡಿ: ಎಲಚಿಯ ಎ ಹ್ರಸ್ವ, ಏಲಕ್ಕಿಯ ಏ ದೀರ್ಘ. ಇಲಾಯಚಿ ಹೋಗಿ ಸೇರುವುದು ಸಂಸ್ಕೃತದ ‘ಏಲಾ’ಕ್ಕೆ, ಅಲ್ಲೂ ದೀರ್ಘವೇ. ಎಲಚಿಯ ಬಳಗ ಬೇರೆ. ತಮಿಳಿನಲ್ಲಿ ಇಲಂದೈ, ಮಲಯಾಳದಲ್ಲಿ ಇಲಂತ. ಅವರ ಇಕಾರಕ್ಕೆ ನಮ್ಮಲ್ಲಿ ಎಕಾರ. ತಮಿಳಿನ ಇಲೈ ನಮ್ಮಲ್ಲಿ ಎಲೆ ಇದ್ದ ಹಾಗೆ.

ಹೊರಗಿನಿಂದ ಬಂದದ್ದು ಬೋರೆ. ಸಂಸ್ಕೃತದ ಬದರ ಪ್ರಾಕೃತದಲ್ಲಿ ಬೋರ ಆಯಿತು. ಮರಾಠಿಯ ಬೋರ್, ಹಿಂದಿಯ ಬೇರ್ ಅದರ ಒಡಹುಟ್ಟಿದವು. ಬದರಿಕಾಶ್ರಮದ ಬದರಿಯೂ ಈ ಜಾತಿಯ ಗಿಡದ ಹೆಸರೇ.

ಹಾಗಂತ ಬೋರೆಯನ್ನು ಅಳಿಸಬೇಡಿ. ಗಿಡದ ಹೆಸರಿಗೆ ಅಚ್ಚಗನ್ನಡದ ಪರೀಕ್ಷೆ ಇಡುವುದೇ ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಊರು ಕರೆಯುವ ಹೆಸರು ದೊಡ್ಡಕ್ಷರದಲ್ಲಿರಲಿ. ಧಾರವಾಡದ ಕಡೆಯಾದರೆ ಬಾರೆ ಅಥವಾ ಬಾರಿ, ಹಳೇ ಮೈಸೂರಿನ ಕಡೆಯಾದರೆ ಎಲಚಿ. ಅಲ್ಲಿ ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಕಾಸು, ಕಬ್ಬಿನ ಚೂರಿನ ಜತೆ ಎರೆಯುವುದು ಎಲಚಿ ಹಣ್ಣನ್ನೇ. ತೆಲುಗರು ಭೋಗಿಯಂದು ಇದನ್ನೇ ರೇಗು ಹಣ್ಣು ಅಂತ ಎರೆಯುತ್ತಾರೆ. ಫಲಕದಲ್ಲಿ ‘ಎ’ ಬರೆಸಿ, ‘ಯ’ ಬೇಡ.

ಅದಕ್ಕೂ ಮೊದಲು ಗಿಡ ಯಾವುದೆಂದು ಖಾತ್ರಿ ಮಾಡಿಕೊಳ್ಳಿ. ಎಲೆ ತಿರುವಿ ನೋಡಿ. ಅಡಿಭಾಗದಲ್ಲಿ ಬಿಳಿ ನವಿರು, ಬುಡದಿಂದ ಹೊರಟ ಮೂರು ನರ, ತೊಟ್ಟಿನ ಹತ್ತಿರ ಜೋಡಿ ಮುಳ್ಳು (ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ), ಹಳದಿಯಿಂದ ಕೆಂಗಂದಿಗೆ ತಿರುಗುವ ಹಣ್ಣು ಇದ್ದರೆ ಎಲಚಿ; ಅದರ ವೈಜ್ಞಾನಿಕ ಹೆಸರು ಜಿಜಿಫಸ್ ಮಾರಿಷಿಯಾನ. ಈ ಜಿಜಿಫಸ್ ಗ್ರೀಕಿನಿಂದ ಬಂದದ್ದು, ಇಂಗ್ಲಿಷಿನ ಜುಜುಬ್ ಕೂಡ ಅದೇ ಮೂಲದ್ದು. ಪಕ್ಕದ ಗಿಡಗಳ ಮೇಲೆ ಹಬ್ಬಿಕೊಂಡು, ಎಲೆಯ ಬುಡ ಓರೆಯಾಗಿದ್ದು, ಬಟಾಣಿ ಗಾತ್ರದ ಮಿರುಗುವ ಕಪ್ಪು ಹಣ್ಣು ಬಿಟ್ಟಿದ್ದರೆ ಅದು ಸೂರಿಮುಳ್ಳು. ಅದಕ್ಕೆ ಜಿಜಿಫಸ್ ಈನೋಪ್ಲಿಯ ಅಂತ ಬೇರೆ ಫಲಕವೇ ಬೇಕು.