ಇನ್ಸುಲಿನ್ ಶುರುವಾದ ಮೇಲೆ ತೂಕ ಏರುತ್ತಿದೆ, ರಾತ್ರಿ ರೊಟ್ಟಿ ಬಿಡಿಸಬೇಕಾ?

ಬಿಡಿಸಬೇಡಿ. ಇವತ್ತು ರಾತ್ರಿಯಿಂದಲೇ ರೊಟ್ಟಿ ಮತ್ತೆ ಶುರು ಮಾಡಿ, ನಾಳೆ ಡಾಕ್ಟರಿಗೆ ಫೋನ್ ಮಾಡಿ. ನೀವು ಬರೆದದ್ದು ಇಷ್ಟು: ಗದಗದಲ್ಲಿ ಅಂಗಡಿ ನಡೆಸುವ ನಿಮ್ಮ ಮನೆಯವರು ಶುಗರ್ ಏರಿ 71 ಕಿಲೋದಿಂದ 56ಕ್ಕೆ ಇಳಿದಿದ್ದರು. ಎರಡು ಹೊತ್ತು 30/70 ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಪಾಲು, ನಿಧಾನಕ್ಕೆ ಬಹಳ ಹೊತ್ತು ಕೆಲಸ ಮಾಡುವುದು 70 ಪಾಲು ಬೆರೆಸಿದ್ದು) ಶುರುವಾದ ಮೇಲೆ ನಾಲ್ಕು ಕಿಲೋ ವಾಪಸ್ ಬಂದಿದೆ. ಇನ್ಸುಲಿನ್ ಮೈ ಊದಿಸುತ್ತದೆ ಅಂತ ಯಾರೋ ಹೇಳಿದ್ದಕ್ಕೆ ರಾತ್ರಿ ಬರೀ ಪಲ್ಯ, ಮಜ್ಜಿಗೆ ಕೊಡುತ್ತಿದ್ದೀರಿ. ಆದರೆ ಸೂಜಿ ಮಾತ್ರ ಮೊದಲಿನಷ್ಟೇ ಯೂನಿಟ್ ನಡೆದಿದೆ. ನನಗೆ ಹೆದರಿಕೆಯಾಗಿದ್ದು ತೂಕ ನೋಡಿ ಅಲ್ಲ, ಇದನ್ನು ಓದಿ. ರಾತ್ರಿ ಊಟಕ್ಕೆ ಮುಂಚೆ ಹಾಕಿದ ಆ ಮಿಕ್ಸ್ ಇನ್ಸುಲಿನ್ ಮಧ್ಯರಾತ್ರಿ ದಾಟಿದರೂ ಕೆಲಸ ಮಾಡುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ರೊಟ್ಟಿ ಇಲ್ಲದಿದ್ದರೆ ನಿದ್ದೆಯಲ್ಲೇ ಶುಗರ್ ಬಿದ್ದುಹೋಗಬಹುದು.

ನಾನು ಧಾರವಾಡದವನು, ಬಹಳ ವರ್ಷದಿಂದ ಇನ್ಸುಲಿನ್ ಮೇಲೆ ಇದ್ದೇನೆ. ಶುರುವಿಗೆ ಮುಂಚೆ ನಾನೂ ಹಾಗೇ ಸೊರಗಿದ್ದೆ, ಮಂದಿ ಗುರುತು ಹಿಡಿಯದಷ್ಟು. ಆ ತೂಕ ಎಲ್ಲಿಗೆ ಹೋಗುತ್ತದೆ ಅನ್ನೋದು ತಿಳಿದರೆ ನಿಮ್ಮ ಅರ್ಧ ಚಿಂತೆ ಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿತು ಅಂದರೆ ಕಿಡ್ನಿ ಅದನ್ನು ಹಿಡಿದಿಡಲಾರದೆ ಮೂತ್ರದಲ್ಲಿ ಬಿಡುತ್ತದೆ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ದಿನಕ್ಕೆ 100 ಗ್ರಾಂ ಹೀಗೆ ಹೋದರೆ 400 ಕ್ಯಾಲೊರಿ, ಹೆಚ್ಚುಕಮ್ಮಿ ಮೂರು-ನಾಲ್ಕು ತೆಳ್ಳನೆ ರೊಟ್ಟಿ ತಿಂದೂ ತಿನ್ನದಂತೆ. ಆಗ ಮೈ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ತಾನೇ ಕರಗಿಸಿಕೊಳ್ಳುತ್ತದೆ. ಇನ್ಸುಲಿನ್ ಬಂದ ಮೇಲೆ ಆ ಸೋರಿಕೆ ನಿಲ್ಲುತ್ತದೆ, ತಿಂದದ್ದು ಮೈಗೆ ಹತ್ತುತ್ತದೆ. ನಿಮ್ಮ ಮನೆಯವರಿಗೆ ಬಂದಿರುವ ನಾಲ್ಕು ಕಿಲೋ ಅವರದೇ ತೂಕ, ಕಳೆದುಕೊಂಡಿದ್ದು ತಿರುಗಿ ಬರುತ್ತಿದೆ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಈ ರೋಗಕ್ಕೆ ಡಾಕ್ಟರುಗಳು ಕೊಡುತ್ತಿದ್ದ ಚಿಕಿತ್ಸೆಯೇ ಉಪವಾಸ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಪಡೆದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಆಗ 14 ವರ್ಷ, ತೂಕ ಮಾತ್ರ 30 ಕಿಲೋ ಕೂಡ ಇರಲಿಲ್ಲ. ಈಗ ಔಷಧಿ ಕೈಯಲ್ಲಿದೆ, ಮತ್ತೆ ಯಾಕೆ ಉಪವಾಸ?

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಇನ್ನೊಂದು ನಂಬಿಕೆ ಇದೆ, ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರೋದಿಲ್ಲ ಅಂತ. ಅದೂ ಸುಳ್ಳು. ಜೋಳದ ಹಿಟ್ಟಿನಲ್ಲಿ ನೂರಕ್ಕೆ ಸುಮಾರು 70 ಪಾಲು ಪಿಷ್ಟವೇ. ನಾರು ಇರೋದರಿಂದ ಬಿಳಿ ಅನ್ನಕ್ಕಿಂತ ವಾಸಿ, ಅಷ್ಟೇ. ಹಾಗಾಗಿ ಮುಖ್ಯ ಏನಂದರೆ ಲೆಕ್ಕ ಒಂದೇ ಇರಬೇಕು. ಇವತ್ತು ನಾಲ್ಕು, ನಾಳೆ ಒಂದು, ನಾಡಿದ್ದು ಮದುವೆ ಮನೆಯಲ್ಲಿ ಹೋಳಿಗೆ ತುಪ್ಪ, ಹೀಗಾದರೆ ಯಾವ ಡಾಕ್ಟರಿಗೂ ಯೂನಿಟ್ ಹೊಂದಿಸಲು ಆಗೋದಿಲ್ಲ. ಹೊತ್ತಿಗೆ ಎರಡು ರೊಟ್ಟಿ ಅಂದರೆ ದಿನಾಲೂ ಎರಡು, ಸುಮಾರು ಅದೇ ಹೊತ್ತಿಗೆ. ಎಷ್ಟು ಅನ್ನೋದನ್ನು ಡಾಕ್ಟರ್ ಹತ್ತಿರ ಕೇಳಿಯೇ ಗೊತ್ತು ಮಾಡಿ. ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಅಂತ ಮಧ್ಯಾಹ್ನದ ಬುತ್ತಿ ಮೂರು ಗಂಟೆಗೆ ಬಿಚ್ಚೋದು ಈ ಇನ್ಸುಲಿನ್‌ಗೆ ನಡೆಯೋದಿಲ್ಲ.

ಕರಗಿದ ಮಾಂಸಖಂಡ ಮತ್ತೆ ತುಂಬಬೇಕಾದರೆ ಬೇಕಾಗಿದ್ದು ಕಾಳು, ಹಾಲು, ಮೊಟ್ಟೆ. ಕಿಡ್ನಿ ಚೆನ್ನಾಗಿದ್ದರೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಪ್ರೊಟೀನ್ ಬೇಕು, ಅಂದರೆ ಅವರಿಗೆ 60 ಗ್ರಾಂ. ಒಂದು ಹಿಡಿ ಒಣ ಹೆಸರುಕಾಳಿನಲ್ಲಿ 7 ಗ್ರಾಂ ಬರುತ್ತದೆ, ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ 6-7. ನಮ್ಮ ಊಟದಲ್ಲಿ ಇದು ಕಷ್ಟವೇ ಅಲ್ಲ. ಮಡಿಕೆಕಾಳು ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಪಕ್ಕಕ್ಕೆ ಹಸಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ. ಇದಕ್ಕಿಂತ ಒಳ್ಳೆ ಊಟ ಯಾವ ಡಬ್ಬಿ ಪೌಡರಿನಲ್ಲೂ ಇಲ್ಲ ಅಂತ ನನ್ನ ಖಡಾಖಂಡಿತ ಅಭಿಪ್ರಾಯ, ಸುಮ್ನೆ ಅದಕ್ಕೆ ದುಡ್ಡು ಹಾಕಬೇಡಿ. ಸಂಜೆ ಚಹಾದ ಜೊತೆ ಗಿರ್ಮಿಟ್ ಬದಲು ಕುದಿಸಿದ ಶೇಂಗಾ ಅಥವಾ ಪುಟಾಣಿ ಕೊಡಿ. ಗಿರ್ಮಿಟ್‌ನಲ್ಲಿರುವ ಚುರುಮುರಿ ಅಕ್ಕಿಯದೇ, ಬೇಗ ಶುಗರ್ ಏರಿಸುತ್ತದೆ.

ಶುಗರ್ ಬಿದ್ದಾಗ ಏನು ಮಾಡಬೇಕು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ, ಮಕ್ಕಳಿಗೂ. ಬೆವರು, ಕೈ ನಡುಕ, ಎದೆ ಬಡಿತ, ಸುಮ್ಮನೆ ಸಿಟ್ಟು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕೊಡಿ, ಏರಿದ ಮೇಲೆ ಊಟ. ಪೇಡೆ ಕೊಡಬೇಡಿ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡವಾಗುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ. ಅಂಗಡಿಯ ಗಲ್ಲೆಯಲ್ಲಿ ಒಂದು ಸಕ್ಕರೆ ಪೊಟ್ಟಣ ಯಾವಾಗಲೂ ಇರಲಿ.

ಇಲ್ಲೇ ಇನ್ನೊಂದು ಮಾತು. ಇನ್ಸುಲಿನ್ ತೆಗೆದುಕೊಳ್ಳುವವರು ಬೇಡದಷ್ಟು ದಪ್ಪ ಆಗುವ ಒಂದು ದಾರಿ ಇದೇ. ಡೋಸ್ ಜಾಸ್ತಿ ಇರುತ್ತದೆ, ಶುಗರ್ ಪದೇ ಪದೇ ಬೀಳುತ್ತದೆ, ಹೆದರಿ ಮೇಲಿಂದ ಮೇಲೆ ಸಿಹಿ ತಿನ್ನುತ್ತಾರೆ. ಆಗ ಕಡಿಮೆ ಮಾಡಬೇಕಾಗಿದ್ದು ಯೂನಿಟ್, ಅದೂ ಡಾಕ್ಟರ್ ಹೇಳಿದಷ್ಟು. ಶ್ರಾವಣ ಸೋಮವಾರ, ಏಕಾದಶಿ ಹಿಡಿಯುವವರಾದರೆ ಮುಂಚೆಯೇ ಕೇಳಿಕೊಳ್ಳಿ.

ತೂಕ ಹಳೇ ಲೆಕ್ಕದ ಹತ್ತಿರ ಬರುವವರೆಗೆ ಚಿಂತೆ ಬೇಡ. ತಕ್ಕಡಿ ಜೊತೆ ಟೇಪನ್ನೂ ಹಿಡಿಯಿರಿ, ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ಒಳಗೆ ಇದ್ದರೆ ಒಳ್ಳೇದು. ಊಟವಾದ ಮೇಲೆ ಕಾಲು ಗಂಟೆ ನಡೆಯಲಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಮಾಡಲಿ. ಕಾಲು ಊದಿ ಒಂದೇ ವಾರದಲ್ಲಿ ಎರಡು-ಮೂರು ಕಿಲೋ ಏರಿದರೆ ಅದು ನೀರು ಇರಬಹುದು, ತೋರಿಸಿ. ಉಲ್ಟಾ ಆಗಿ, ಶುಗರ್ ಹಿಡಿತಕ್ಕೆ ಬಂದರೂ ತೂಕ ಇಳಿಯುತ್ತಲೇ ಇದ್ದರೆ, ಎರಡು ವಾರ ದಾಟಿದ ಕೆಮ್ಮು ಇದ್ದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಶುಗರ್ ಇದ್ದವರಿಗೆ ಟಿಬಿ ಹತ್ತೋದು ಜಾಸ್ತಿ, ಪರೀಕ್ಷೆ ಉಚಿತ.

ಡಾಕ್ಟರ್ ಹತ್ತಿರ ಹೋಗುವಾಗ ಬೆಳಗಿನ ಶುಗರ್ ಜೊತೆ ಒಂದೆರಡು ದಿನ ರಾತ್ರಿ ಮೂರು ಗಂಟೆಯದೂ ಬರೆದುಕೊಂಡು ಹೋಗಿ. ರಾತ್ರಿ ರೊಟ್ಟಿ ನಿಲ್ಲಿಸಿದ್ದನ್ನೂ ಮುಚ್ಚಿಡದೆ ಹೇಳಿ, ಅದು ಗೊತ್ತಿಲ್ಲದೆ ಅವರು ಯೂನಿಟ್ ಬದಲಿಸಿದರೆ ಕಷ್ಟ.