ನೈರೋಬಿಗೆ ಬರುವವರಿಗೆ: ಚುನಾವಣೆ, ಗಲಭೆ, ಅಕ್ಕಪಕ್ಕದವರು

ಕಂಪನಿಯವರು ಕೀನ್ಯಾದ ರಾಜಧಾನಿ ನೈರೋಬಿಗೆ ಕಳಿಸುತ್ತಿದ್ದಾರೆ, 2027ರ ಆಗಸ್ಟ್‌ನಲ್ಲಿ ಅಲ್ಲಿ ಚುನಾವಣೆ ಇದೆಯಂತೆ, ಹೆಂಡತಿ ಮಗಳನ್ನು ಕರೆದುಕೊಂಡು ಬರಬಹುದಾ ಅಂತ ಕೇಳಿದ್ದೀರಿ. ಕರೆದುಕೊಂಡು ಬನ್ನಿ. ಆದರೆ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

2007ರ ಡಿಸೆಂಬರ್ 27ಕ್ಕೆ ಅಧ್ಯಕ್ಷರ ಚುನಾವಣೆಗೆ ಮತದಾನ ಆಯಿತು. 30ರ ಸಂಜೆ ಆಗಿನ ಅಧ್ಯಕ್ಷ ಮ್ವಾಯ್ ಕಿಬಾಕಿಯೇ ಗೆದ್ದರು ಅಂತ ಹೇಳಿ, ಅವತ್ತೇ ಗಡಿಬಿಡಿಯಲ್ಲಿ ಪ್ರಮಾಣವಚನವನ್ನೂ ಮುಗಿಸಿದರು. ಎದುರಾಳಿ ರೈಲಾ ಒಡಿಂಗಾ ಕಡೆಯವರು ಮೋಸ ಆಗಿದೆ ಅಂದರು. ದೇಶದ ಪಶ್ಚಿಮದ ರಿಫ್ಟ್ ವ್ಯಾಲಿ ಪ್ರಾಂತ್ಯದಲ್ಲಿ ಜಮೀನಿನ ಹಳೇ ಜಗಳಗಳಿದ್ದವು, ಅವೂ ಜೊತೆಗೆ ಹೊತ್ತಿಕೊಂಡವು. ತನಿಖಾ ಆಯೋಗದ ಲೆಕ್ಕದಲ್ಲೇ ಸತ್ತವರು 1,133 ಜನ. ಲಕ್ಷಗಟ್ಟಲೆ ಜನ ಮನೆ ಬಿಟ್ಟರು. ಕಿಸುಮು ಪಟ್ಟಣದಲ್ಲಿ ನಮ್ಮ ಭಾರತೀಯರ ಅಂಗಡಿಗಳೂ ಲೂಟಿಯಾದವು. ಕೊನೆಗೆ ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್ ಬಂದು ಕೂತು, 2008ರ ಫೆಬ್ರವರಿ 28ಕ್ಕೆ ಅಧಿಕಾರ ಹಂಚಿಕೊಳ್ಳುವ ಒಪ್ಪಂದಕ್ಕೆ ಇಬ್ಬರಿಂದಲೂ ಸಹಿ ಹಾಕಿಸಿದರು. ಕಿಬಾಕಿ ಅಧ್ಯಕ್ಷ, ರೈಲಾ ಪ್ರಧಾನಿ.

ಹೊರಗಿನವರಿಗೆ ಗೊತ್ತಿರುವುದು ಇಷ್ಟೇ. ನನ್ನ ಕೇಳಿದರೆ ಅನ್ನಾನ್‌ಗಿಂತ ಮೊದಲು ತಿಳಿದುಕೊಳ್ಳಬೇಕಾದ ಊರು ವಜೀರ್. ಸೊಮಾಲಿಯಾ ಗಡಿಯ ಕಡೆ ಇರುವ ಒಣನಾಡು. 1992ರ ಹೊತ್ತಿಗೆ ಅಲ್ಲಿ ಬರ, ದನ ಒಂಟೆ ಕಳವು, ಕುಲಕುಲಗಳ ನಡುವೆ ಬಂದೂಕಿನ ಜಗಳ. ಒಂದು ಕುಲದ ಹೆಂಗಸಿಗೆ ಇನ್ನೊಂದು ಕುಲದವರು ಮಾರ್ಕೆಟ್‌ನಲ್ಲಿ ಹಾಲು ಮಾರಲೂ ಬಿಡುತ್ತಿರಲಿಲ್ಲ. ಡೇಖಾ ಇಬ್ರಾಹಿಂ ಅಬ್ದಿ ಮತ್ತು ಜೊತೆಯ ಕೆಲವು ಹೆಂಗಸರು ಸರ್ಕಾರಕ್ಕೆ ಅರ್ಜಿ ಹಾಕುತ್ತಾ ಕೂರಲಿಲ್ಲ, ಮೊದಲು ಆ ಮಾರ್ಕೆಟ್ಟನ್ನೇ ಹಿಡಿದುಕೊಂಡರು. ಯಾವ ಕುಲದವಳೇ ಬರಲಿ, ವ್ಯಾಪಾರ ಮಾಡಲು ಬಿಡಬೇಕು. ತಕರಾರು ಎದ್ದರೆ ನಮ್ಮ ಹತ್ತಿರ ಹೇಳಿ, ನೋಡಿಕೊಳ್ಳುತ್ತೇವೆ. ಅಷ್ಟೇ. ಅದು ನಿಂತ ಮೇಲೆ ಕುಲದ ಹಿರಿಯರನ್ನು ಹಿಡಿದರು, ಹುಡುಗರನ್ನು ಹಿಡಿದರು. 1993ರಲ್ಲಿ ಹಿರಿಯರು ಕೂತು ಒಪ್ಪಂದ ಮಾಡಿಕೊಂಡರು. ಅಲ್ಲಿ ಹುಟ್ಟಿದ ಶಾಂತಿ ಸಮಿತಿ ಆಮೇಲೆ ಬೇರೆ ಜಿಲ್ಲೆಗಳಿಗೂ ಮಾದರಿಯಾಯಿತು. 2008ರಲ್ಲಿ ನೈರೋಬಿ ಹೊತ್ತಿ ಉರಿಯುವಾಗ, ನಿವೃತ್ತ ಜನರಲ್‌ಗಳು, ರಾಯಭಾರಿಗಳ ಜೊತೆ ಇದೇ ಡೇಖಾ ದಿನಾ ಸೆರೆನಾ ಹೋಟೆಲಿನಲ್ಲಿ ಕೂತು ಜನರನ್ನು ಒಂದುಗೂಡಿಸುತ್ತಿದ್ದರು. 2011ರಲ್ಲಿ ಅಪಘಾತದಲ್ಲಿ ತೀರಿಕೊಂಡರು.

ಇದನ್ನು ನಿಮಗ್ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿಗೆ ಬರುವ ನಮ್ಮವರು ಎತ್ತರದ ಕಾಂಪೌಂಡು, ಕರೆಂಟ್ ಬೇಲಿ, ಗೇಟಿನಲ್ಲಿ ಅಸ್ಕಾರಿ, ಅಂದರೆ ಕಾವಲುಗಾರ, ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ಬೇಲಿ ಕಳ್ಳನಿಗೆ. ಊರು ಕೆಟ್ಟ ದಿನ ಕೆಲಸಕ್ಕೆ ಬರುವುದು ನಿಮ್ಮ ಮುಖ ಪರಿಚಯ ಇರುವ ಜನ.

ಅದಕ್ಕೆ ಇಲ್ಲಿ ದಾರಿ ಇದೆ. 2013ರಲ್ಲಿ ನೈರೋಬಿಯ ವೆಸ್ಟ್‌ಗೇಟ್ ಮಾಲ್ ಮೇಲೆ ಉಗ್ರರು ಮಾಡಿದ ದಾಳಿಯ ನಂತರ ಸರ್ಕಾರ ನ್ಯುಂಬಾ ಕುಮಿ ಅಂತ ಶುರು ಮಾಡಿತು. ಹತ್ತು ಮನೆಗೊಂದು ಗುಂಪು, ಅಕ್ಕಪಕ್ಕದವರು ಪರಸ್ಪರ ಗುರುತಿಟ್ಟುಕೊಳ್ಳಬೇಕು ಅನ್ನುವ ಲೆಕ್ಕ. ಮೂಲ ತಾಂಜಾನಿಯಾದ್ದು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಸರ್ಕಾರದ ಕಿವಿ ಅಂತ ಬೈಯುವವರೂ ಇದ್ದಾರೆ. ಆದರೂ ಏರಿಯಾದ ಚೀಫ್ (ಸರ್ಕಾರದ ಸ್ಥಳೀಯ ಅಧಿಕಾರಿ) ಬರಾಜಾ, ಅಂದರೆ ಊರ ಸಭೆ, ಕರೆದಾಗ ಒಮ್ಮೆ ಹೋಗಿ ಕೂರಿ. ಒಂದು ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಬೀದಿದೀಪ ಇಲ್ಲ ಅಂತ ಒಬ್ಬರು, ಬೋಡಾ ಬೋಡಾ (ಬೈಕ್ ಟ್ಯಾಕ್ಸಿ) ಹುಡುಗರು ಗೇಟಿಗೆ ಅಡ್ಡ ನಿಲ್ಲುತ್ತಾರೆ ಅಂತ ಇನ್ನೊಬ್ಬರು. ಹುಡುಗರ ಕಡೆಯಿಂದ ಒಬ್ಬ ಎದ್ದು ತಿರುಗಿ ಬೈಯುತ್ತಾನೆ. ನಗು, ಗಲಾಟೆ, ಆಮೇಲೆ ಒಂದು ತೀರ್ಮಾನ. ನಮ್ಮವರು ಅಲ್ಲಿ ಕಾಣುವುದೇ ಇಲ್ಲ. ಹೋದರೆ ಎದ್ದು ಕಾಣುತ್ತೀರಿ, ಒಳ್ಳೆಯದೇ ಅಲ್ವಾ?

ಪೊಲೀಸರ ವಿಷಯ ಬೇರೆ. ಅವರ ಮೇಲೆ ದೂರು ವಿಚಾರಿಸಲು ಐಪಿಒಎ ಅನ್ನುವ ಸ್ವತಂತ್ರ ಸಂಸ್ಥೆ ಇದೆ, 2011ರ ಕಾನೂನಿನದು. ಹಾಗಿದ್ದೂ 2024ರ ಜೂನ್‌ನಲ್ಲಿ ತೆರಿಗೆ ಮಸೂದೆ ವಿರುದ್ಧ ಹುಡುಗರು ಬೀದಿಗಿಳಿದಾಗ ಗುಂಡು ಹಾರಿತು, ಹತ್ತಾರು ಜನ ಸತ್ತರು. ಕುಲಗಳ ಜಗಳ ಕಡಿಮೆಯಾದ ಮೇಲೂ ಉಳಿದಿರುವ ಗಾಯ ಇದು. ಪ್ರತಿಭಟನೆ ನೋಡೋಣ ಅಂತ ಸಿಬಿಡಿ, ಅಂದರೆ ನಗರದ ನಡುಭಾಗದ ಕಡೆ ಹೋಗಬೇಡಿ. ಏಲಿಯನ್ ಕಾರ್ಡ್ (ವಿದೇಶಿಯರಿಗೆ ಕೊಡುವ ಗುರುತಿನ ಚೀಟಿ) ಸದಾ ಜೇಬಿನಲ್ಲಿರಲಿ.

ಇನ್ನು ಚುನಾವಣೆ. 2008ರ ನಂತರ ಜಗಳ ಬೀದಿಯಿಂದ ಕೋರ್ಟಿಗೆ ಹೋಗುವುದನ್ನು ಇವರು ಕಲಿತರು. 2017ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟು ಅಧ್ಯಕ್ಷರ ಆಯ್ಕೆಯನ್ನೇ ರದ್ದು ಮಾಡಿತು. ಆ ವರ್ಷ ಸಾವುನೋವು ಆಗಲಿಲ್ಲ ಅಂತಲ್ಲ, ಆಯಿತು. 2022ರಲ್ಲಿ ರೈಲಾ ಸೋತರು, ಕೋರ್ಟಿಗೆ ಹೋದರು, ಅಲ್ಲೂ ಸೋತರು, ಊರು ಎಂದಿನಂತೆ ಕೆಲಸಕ್ಕೆ ಹೋಯಿತು. ಅವರು 2025ರ ಅಕ್ಟೋಬರ್‌ನಲ್ಲಿ ಕೇರಳದಲ್ಲಿ ಚಿಕಿತ್ಸೆಗೆ ಬಂದಿದ್ದಾಗ ತೀರಿಕೊಂಡರು. ಅವರಿಲ್ಲದ ಚುನಾವಣೆ ಹೇಗಿರುತ್ತದೆ ಅಂತ ಇಲ್ಲಿ ಎಲ್ಲರಿಗೂ ಕುತೂಹಲ.

ಬಿಗುವಿರುವುದು ಮತದಾನದ ದಿನ ಅಲ್ಲ, ಮತದಾನಕ್ಕೂ ಫಲಿತಾಂಶಕ್ಕೂ ನಡುವಿನ ದಿನಗಳಲ್ಲಿ. 2022ರಲ್ಲಿ ಆಗಸ್ಟ್ 9ಕ್ಕೆ ಓಟು, 15ಕ್ಕೆ ಘೋಷಣೆ. ಆ ವಾರಕ್ಕೆ ಅಕ್ಕಿ, ಬೇಳೆ, ಗ್ಯಾಸು, ಮಗುವಿನ ಔಷಧಿ ಮೊದಲೇ ತಂದಿಡಿ. ಎಂ-ಪೆಸಾದಲ್ಲಿ (ಮೊಬೈಲ್‌ನಿಂದ ಹಣ ಕೊಡುವ ಇಲ್ಲಿನ ವ್ಯವಸ್ಥೆ) ಸ್ವಲ್ಪ ದುಡ್ಡಿರಲಿ. ರಿಫ್ಟ್ ವ್ಯಾಲಿಯ ನಕುರು, ಎಲ್ಡೊರೆಟ್ ಕಡೆ ಪ್ರವಾಸ ಬೇಡ. ಬಂದದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ. ಬುಡಕಟ್ಟಿನ ಹೆಸರೆತ್ತಿ ದ್ವೇಷ ಹಬ್ಬಿಸಿದರೆ 2008ರ ಕಾನೂನಿನಲ್ಲಿ ಮೂರು ವರ್ಷದವರೆಗೆ ಜೈಲು, ಹತ್ತು ಲಕ್ಷ ಶಿಲ್ಲಿಂಗ್‌ವರೆಗೆ ದಂಡ. ಆಫೀಸಿನಲ್ಲಿ "ನೀವು ಯಾವ ಬುಡಕಟ್ಟು" ಅಂತ ಕೇಳುವ ಚಟವಂತೂ ಬೇಡವೇ ಬೇಡ. ನಮ್ಮಲ್ಲಿ ಜಾತಿ ಕೇಳಿದಷ್ಟೇ ಮುಜುಗರ.

ಇಷ್ಟಾದರೂ ಮನೆಯವರಿಗೆ ಧೈರ್ಯ ಬರದಿದ್ದರೆ, ಹೆಂಡತಿ ಮಗಳನ್ನು ಆ ಆಗಸ್ಟ್ ತಿಂಗಳು ಊರಿಗೆ ಕಳಿಸಿ. ಟಿಕೆಟ್ ಮಾತ್ರ ಬೇಗ ಮಾಡಿಸಿ, ಆಗ ಎಲ್ಲರೂ ಅದನ್ನೇ ಮಾಡುತ್ತಾರೆ, ರೇಟು ಜಾಸ್ತಿ ಆಗುತ್ತದೆ. ಮನೆ ಯಾವ ಏರಿಯಾದಲ್ಲಿ ಕೊಡುತ್ತಾರೆ ಅಂತ ಕಂಪನಿಯವರನ್ನು ಕೇಳಿ ತಿಳಿಸಿ. ನಮ್ಮವರು ಹೆಚ್ಚಿರುವ ಪಾರ್ಕ್‌ಲ್ಯಾಂಡ್ಸ್ ಆದರೆ ದೋಸೆಹಿಟ್ಟು ರುಬ್ಬಲು ಉದ್ದಿನಬೇಳೆಗೂ ಬರ ಇಲ್ಲ.